ಖಾನಾಪುರ ಕಾಡಿನ ಕರಡಿಗಳ ನಂಟು ಅಳೆಯುವುದು ಹೇಗೆ: ಮಲದ ಮಾದರಿಯಿಂದ ವಂಶವಾಹಿ ನಕ್ಷೆಯವರೆಗೆ

ಬೆಳಗಾವಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಕಣಕುಂಬಿ, ಜಾಂಬೋಟಿಯಿಂದ ಭೀಮಗಡ, ಹೆಮ್ಮಡಗಾ, ಲೋಂಡಾ, ನಾಗರಗಾಳಿವರೆಗೆ ಹಬ್ಬಿದ ಕಾಡು ಕರಡಿಯ ನೆಲೆ. ಈ ಕಾಡು ಜಿಲ್ಲೆಯ ಗಡಿಗೆ ನಿಲ್ಲುವುದಿಲ್ಲ. ದಕ್ಷಿಣಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಪಶ್ಚಿಮಕ್ಕೆ ಗೋವಾದ ಮಹದಾಯಿ ಅಭಯಾರಣ್ಯ, ವಾಯವ್ಯಕ್ಕೆ ಮಹಾರಾಷ್ಟ್ರದ ತಿಲ್ಲಾರಿ ಇವೆ. ಆದರೆ ನಡುವೆ ಚೋರ್ಲಾ ಘಾಟಿನ ರಸ್ತೆ, ಖಾನಾಪುರ–ಲೋಂಡಾ–ಅನಮೋಡ ಹೆದ್ದಾರಿ, ಲೋಂಡಾದಿಂದ ಕ್ಯಾಸಲ್‌ರಾಕ್ ಕಡೆಗೂ ಅಳ್ನಾವರ ಕಡೆಗೂ ಹೋಗುವ ರೈಲುಹಳಿ ಹಾದಿವೆ. ಹೆದ್ದಾರಿಯ ಈಚೆಗಿನ ಕರಡಿಗೂ ಆಚೆಗಿನ ಕರಡಿಗೂ ಇನ್ನೂ ಸಂಬಂಧ ಕೂಡುತ್ತಿದೆಯೇ? ಅರಣ್ಯ ಇಲಾಖೆಗೂ, ರಸ್ತೆ ಕಟ್ಟುವವರಿಗೂ ಬೇಕಾದ ಉತ್ತರ ಇದು. ಕರಡಿಯನ್ನು ಹಿಡಿಯದೆ, ಅರಿವಳಿಕೆ ಕೊಡದೆ, ಕಾಡಿನಲ್ಲಿ ಅದು ಬಿಟ್ಟು ಹೋದ ಮಲದಿಂದಲೇ ಈ ಉತ್ತರ ಪಡೆಯಬಹುದು. ಮಧ್ಯ ಭಾರತದ ಕಾನ್ಹಾ, ಪೆಂಚ್, ಸಾತ್ಪುಡಾ, ಮೇಲ್ಘಾಟ್ ಕಾಡುಗಳ ಕರಡಿಗಳ ಮೇಲೆ ಇಂಥ ಅಧ್ಯಯನ ಆಗಿ, 2015ರಲ್ಲಿ ಪ್ರಕಟವಾಗಿದೆ.

ಈ ಕೆಲಸದಲ್ಲಿ ಹೆಚ್ಚಿನ ತಪ್ಪುಗಳು ಪ್ರಯೋಗಾಲಯದಲ್ಲಿ ಆಗುವುದಿಲ್ಲ, ಮಾದರಿ ಎಲ್ಲಿಂದ ತರಬೇಕೆಂದು ನಕ್ಷೆಯ ಮೇಲೆ ಗುರುತು ಹಾಕುವ ದಿನವೇ ಆಗುತ್ತವೆ. ಆದ್ದರಿಂದ ಆ ಭಾಗವನ್ನೇ ಇಲ್ಲಿ ಹೆಚ್ಚು ಬಿಡಿಸಿ ಹೇಳಿದ್ದೇವೆ.

ದೂರ ಹೆಚ್ಚಿದಂತೆ ನಂಟು ತಗ್ಗುತ್ತದೆ

ಹೆಣ್ಣು ಕರಡಿ ಹುಟ್ಟಿದ ಜಾಗದ ಹತ್ತಿರವೇ ನೆಲೆ ಹಿಡಿಯುವುದು ಹೆಚ್ಚು. ಗಂಡು ದೂರ ಹೋಗುತ್ತದೆ. ಹೀಗಾಗಿ ನಡುವೆ ಯಾವ ಅಡ್ಡಿ ಇರದಿದ್ದರೂ ಹತ್ತಿರದ ಕರಡಿಗಳು ಹೆಚ್ಚು ರಕ್ತಸಂಬಂಧಿಗಳಾಗಿರುತ್ತವೆ, ದೂರದವು ಕಡಿಮೆ. 1943ರಲ್ಲಿಯೇ ತಳಿವಿಜ್ಞಾನಿ ಸೀವಲ್ ರೈಟ್ ಇದನ್ನು ಲೆಕ್ಕಕ್ಕೆ ಇಳಿಸಿದ್ದರು. ಈ ಸಹಜ ಇಳಿತವನ್ನು ಅಳೆಯದೆ ನೇರವಾಗಿ 'ಎಷ್ಟು ಗುಂಪುಗಳಿವೆ' ಎಂದು ಹುಡುಕಲು ಹೊರಟರೆ, ಇಲ್ಲದ ಗುಂಪುಗಳು ಸಿಗುತ್ತವೆ.

ಉದಾಹರಣೆಗೆ ಭೀಮಗಡದ ಒಳಗಿನಿಂದ 25 ಕರಡಿ, ಅಲ್ಲಿಂದ 30 ಕಿ.ಮೀ. ದೂರದ ನಾಗರಗಾಳಿ ಕಡೆಯಿಂದ 25 ಕರಡಿ, ನಡುವಿನಿಂದ ಒಂದೂ ಇಲ್ಲ ಎನ್ನಿ. ಗುಂಪು ಹುಡುಕುವ ತಂತ್ರಾಂಶ ಎರಡು ಗುಂಪು ತೋರಿಸುತ್ತದೆ. ನಡುವೆ ಹೆದ್ದಾರಿ ಇರುವುದರಿಂದ 'ಹೆದ್ದಾರಿ ಕರಡಿಗಳನ್ನು ಬೇರ್ಪಡಿಸಿದೆ' ಎಂದು ವರದಿ ಬರೆಯುವ ಆಸೆಯಾಗುತ್ತದೆ. ಆದರೆ ಆ ಎರಡು ಗುಂಪುಗಳು ಬರೀ 30 ಕಿ.ಮೀ. ದೂರದ ಫಲವೂ ಆಗಿರಬಹುದು. ಇಂಥ ದತ್ತಾಂಶದಿಂದ ಯಾವುದು ನಿಜ ಎಂದು ಬಿಡಿಸಲು ದಾರಿಯೇ ಇಲ್ಲ.

ನಕ್ಷೆ ಹಾಕುವುದು

ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಇಡೀ ಪ್ರದೇಶಕ್ಕೆ 5 × 5 ಕಿ.ಮೀ. ಚೌಕಗಳ ಬಲೆ ಹಾಕಿ. ಜಾಗವನ್ನು ಮೀಟರಿನಲ್ಲಿ ಗುರುತಿಸಲು ಬೆಳಗಾವಿಗೆ ಯುಟಿಎಂ ವಲಯ 43 ಉತ್ತರ, ಡಬ್ಲ್ಯೂಜಿಎಸ್ 84 ಎಂಬ ನಕ್ಷೆ ಪದ್ಧತಿ ಬಳಸಿ. ಡಿಗ್ರಿಯಲ್ಲಿಯೇ ಬಿಟ್ಟರೆ ಮುಂದೆ ದೂರದ ಲೆಕ್ಕ ತಪ್ಪುತ್ತದೆ. ಒಂದು ಚೌಕ 25 ಚ.ಕಿ.ಮೀ. ಆಗುತ್ತದೆ. ನೇಪಾಳದ ಚಿತ್ವನ್‌ನಲ್ಲಿ ರೇಡಿಯೊ ಪಟ್ಟಿ ಕಟ್ಟಿ ನೋಡಿದಾಗ ಹೆಣ್ಣು ಕರಡಿಯ ಓಡಾಟದ ನೆಲ 10 ಚ.ಕಿ.ಮೀ. ಆಸುಪಾಸು ಇತ್ತು, ಬೇರೆ ಒಣ ಕಾಡುಗಳಲ್ಲಿ ಇನ್ನೂ ದೊಡ್ಡದು. ಆದ್ದರಿಂದ ಒಂದು ಚೌಕದಲ್ಲಿ ಎರಡು ಮೂರು ಬೇರೆ ಬೇರೆ ಕರಡಿ ಸಿಗುವ ನಿರೀಕ್ಷೆ ಇಟ್ಟುಕೊಳ್ಳಬಹುದು.

ಒಂದಕ್ಕೊಂದು ಅಂಟಿಕೊಂಡ 20 ಚೌಕ, ಚೌಕಕ್ಕೆ 3 ಕರಡಿ ಎಂದರೆ 60 ಕರಡಿ. ಇಬ್ಬಿಬ್ಬರಂತೆ ಹೋಲಿಸಿದರೆ 1,770 ಜೋಡಿ. 40 ಕರಡಿಯಾದರೆ ಜೋಡಿ 780ಕ್ಕೆ ಇಳಿಯುತ್ತದೆ. ಹತ್ತಿರದ ಜೋಡಿಗಳೇ ಮೊದಲು ಕೊರತೆ ಬೀಳುವುದರಿಂದ 40ರ ಕೆಳಗೆ ಹೋಗಬೇಡಿ.

ಹೆದ್ದಾರಿಯ ಪ್ರಭಾವ ಅಳೆಯಬೇಕಿದ್ದರೆ ಒಂದು ನಿಯಮ ತಪ್ಪದೆ ಪಾಲಿಸಿ. ಹೆದ್ದಾರಿ ದಾಟಿದ ಜೋಡಿಗಳಿಗೂ ದಾಟದ ಜೋಡಿಗಳಿಗೂ ಒಂದೇ ದೂರಗಳು ಇರಬೇಕು. ದಾಟಿದ ಜೋಡಿಗಳು 3, 6, 10 ಕಿ.ಮೀ. ದೂರದಲ್ಲಿದ್ದರೆ, ಒಂದೇ ಬದಿಯಲ್ಲಿಯೂ 3, 6, 10 ಕಿ.ಮೀ. ದೂರದ ಜೋಡಿಗಳು ಬೇಕು. ಇದಕ್ಕೆ ಹೆದ್ದಾರಿಯ ಎರಡೂ ಬದಿಗೆ ಅಂಟಿದ ಚೌಕಗಳಲ್ಲಿ ಹೆಚ್ಚು ಹುಡುಕಬೇಕು. ವಾಹನದ ಸದ್ದಿನ ಹತ್ತಿರ ಮಲ ಸಿಗುವುದು ಕಡಿಮೆ, ಹುಡುಕುವವರಿಗೆ ಬೇಸರ ಬರುತ್ತದೆ, ಒಳಕಾಡಿನ ಕಡೆ ಕಾಲು ಎಳೆಯುತ್ತದೆ. ಅಲ್ಲಿಯೇ ಪಟ್ಟು ಹಿಡಿದು ಹುಡುಕಿ. ಇಡೀ ಅಧ್ಯಯನದ ಬೆಲೆ ಆ ಅಂಚಿನ ಚೌಕಗಳಲ್ಲಿದೆ.

ದರೋಜಿ ಕರಡಿಧಾಮ ಇಲ್ಲಿಂದ 200 ಕಿ.ಮೀ.ಗೂ ದೂರ. ನಡುವೆ ಹೊಲ, ಊರು, ಬಯಲು. ಅಲ್ಲಿನ ಮಾದರಿ ಸಿಕ್ಕರೆ 'ನಿಜವಾಗಿ ಬೇರೆಯಾದ ಕರಡಿಗಳ ನಡುವೆ ಎಷ್ಟು ಅಂತರ ಇರುತ್ತದೆ' ಎಂದು ತಿಳಿಯಲು ಒಳ್ಳೆಯ ಅಳತೆಗೋಲು. ಆದರೆ ತಂತ್ರಾಂಶದಲ್ಲಿ ಗುಂಪು ಹುಡುಕುವಾಗ ಖಾನಾಪುರದ ಮಾದರಿಗಳ ಜೊತೆ ಒಂದೇ ಓಟದಲ್ಲಿ ಬೆರೆಸಬೇಡಿ. ದರೋಜಿ ಒಂದು, ಖಾನಾಪುರ ಒಂದು ಎಂಬ ದೊಡ್ಡ ಬಿರುಕು ಮೇಲೆ ಬಂದು, ಖಾನಾಪುರದ ಒಳಗಿನ ಸಣ್ಣ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಅನುಮತಿ

ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ಮಲ ಎತ್ತಲಿಕ್ಕೂ, ಅಭಯಾರಣ್ಯದೊಳಗೆ ಕಾಲಿಡಲಿಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಗೋವಾ, ಮಹಾರಾಷ್ಟ್ರದ ಕಡೆ ಹೋಗುವುದಾದರೆ ಆ ರಾಜ್ಯಗಳಿಂದ ಬೇರೆಯಾಗಿ ಪಡೆಯಬೇಕು. ಅರ್ಜಿಯಲ್ಲಿ ಮಾದರಿಯ ಸಂಖ್ಯೆ, ಪರೀಕ್ಷೆ ನಡೆಯುವ ಪ್ರಯೋಗಾಲಯ, ಸಾಗಿಸುವ ದಾರಿ ಎಲ್ಲವೂ ಇರಲಿ. ಹೈದರಾಬಾದಿನ ಸಿಸಿಎಂಬಿಯ ಲಾಕೋನ್ಸ್, ಬೆಂಗಳೂರಿನ ಎನ್‌ಸಿಬಿಎಸ್‌ನಂಥ ಸಂಶೋಧನಾ ಸಂಸ್ಥೆಗಳಲ್ಲಿ ಕಾಡುಪ್ರಾಣಿಗಳ ಮಲದ ಡಿಎನ್‌ಎ ಮೇಲೆ ಕೆಲಸ ಮಾಡಿದ ಅನುಭವವಿದೆ. ನಕ್ಷೆ ಹಾಕುವ ಹಂತದಲ್ಲಿಯೇ ಇಂಥವರೊಂದಿಗೆ ಮಾತಾಡಿ. ಮಾದರಿ ಕೂಡಿಹಾಕಿದ ಮೇಲೆ ಹೋದರೆ ತಡವಾಯಿತು.

ಕಾಡಿನಲ್ಲಿ

ಕಣಕುಂಬಿ ಕಡೆಯ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲವನ್ನು ಉಳಿಯಗೊಡುವುದಿಲ್ಲ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ: ತಂಪು, ಒಣ ಹವೆ. ಆಗಿನ ಮಲದಲ್ಲಿ ಗೆದ್ದಲು, ಇರುವೆಯ ತಲೆಗಳು, ಮಣ್ಣು ಹೆಚ್ಚು. ಮಣ್ಣಿನ ಹ್ಯೂಮಿಕ್ ಆಮ್ಲ ಪಿಸಿಆರ್ (ಡಿಎನ್‌ಎ ತುಂಡಿನ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ತಡೆಯುತ್ತದೆ, ಆದರೆ ಅದನ್ನು ತೊಳೆದು ತೆಗೆಯಬಹುದು. ಏಪ್ರಿಲ್ ನಂತರ ಕವಳಿ, ನೇರಳೆ, ಹಲಸಿನ ಕಾಲ. ಆಗ ಮಲ ಸುಲಭವಾಗಿ ಕಣ್ಣಿಗೆ ಬೀಳುತ್ತದೆ, ರಾಶಿ ರಾಶಿ ಬೀಜ. ಆದರೆ ಬೇಗ ಹೊರಬಂದ ಹಣ್ಣಿನ ಮಲದಲ್ಲಿ ಕರುಳಿನ ಗೋಡೆಯ ಜೀವಕೋಶ ಕಡಿಮೆ, ಪಿಸಿಆರ್ ಕೆಡಿಸುವ ರಸ ಹೆಚ್ಚು. ನಮಗೆ ಬೇಕಾದ ಡಿಎನ್‌ಎ ಇರುವುದು ಆ ಜೀವಕೋಶಗಳಲ್ಲಿಯೇ. ಹೀಗಾಗಿ ಚಳಿಗಾಲದ 10 ಮಾದರಿ, ಬೇಸಿಗೆಯ 20ಕ್ಕಿಂತ ಲೇಸು.

ಹುಡುಕಬೇಕಾದ ಜಾಗ: ದನದ ಕಾಲುದಾರಿ, ಹಳ್ಳದ ದಂಡೆ, ಅಗೆದು ತೆರೆದ ಹುತ್ತದ ಸುತ್ತ, ಕವಳಿ ಮೆಳೆಗಳ ಅಂಚು, ಜೇನು ಕಟ್ಟುವ ಮರಗಳ ಬುಡ. ಗವಳಿ, ಪಾಸ್ತೋಳಿ, ತಳೇವಾಡಿಯಂಥ ಊರಿನ ಸುತ್ತ ಓಡಾಡಿದ ಹಿರಿಯರಿಗೆ ಯಾವ ತಿಂಗಳು ಯಾವ ಹಳ್ಳಕ್ಕೆ 'ಅಸ್ವಲ' (ಮರಾಠಿಯಲ್ಲಿ ಕರಡಿ) ಇಳಿಯುತ್ತದೆಂದು ಗೊತ್ತು. ಅವರಲ್ಲೊಬ್ಬರನ್ನು ಕೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ, ವರದಿಯಲ್ಲಿ ಅವರ ನೆರವನ್ನು ನೆನೆಯಿರಿ.

ಸುರಕ್ಷತೆಯಲ್ಲಿ ರಾಜಿ ಬೇಡ. ಕರಡಿ ಮೈಮೇಲೆ ಬೀಳುವುದು ಬಹುಪಾಲು ಹತ್ತಿರದಿಂದ ಬೆಚ್ಚಿಬಿದ್ದಾಗ. ಮೂರು ನಾಲ್ಕು ಜನ ಒಟ್ಟಿಗೆ, ಗಟ್ಟಿಯಾಗಿ ಮಾತಾಡುತ್ತ ನಡೆಯಿರಿ. ಮೆಳೆಯ ತಿರುವಿನಲ್ಲಿ ಕೋಲಿನಿಂದ ಸದ್ದು ಮಾಡಿ. ಸೂರ್ಯ ಚೆನ್ನಾಗಿ ಮೇಲೆ ಬಂದ ಮೇಲೆ ಹೊರಟು ಸಂಜೆಯ ಮೊದಲೇ ಕಾಡು ಬಿಡಿ. ಮರಿ ಹಾಕುವುದು ಹೆಚ್ಚಾಗಿ ಡಿಸೆಂಬರ್–ಜನವರಿಯಲ್ಲಿ. ಆ ತಿಂಗಳುಗಳಲ್ಲಿ, ಆಮೇಲೂ ಕೆಲ ಕಾಲ, ಬಂಡೆಯ ಪೊಟರೆ ಮತ್ತು ಗವಿಗಳ ಹತ್ತಿರ ಹೋಗಲೇಬೇಡಿ. ಭೀಮಗಡದ ಬಾರಾಪೇಡೆ ಗವಿಗಳಲ್ಲಿ ರಾಟನ್ ಬಾವಲಿ ಎಂಬ ಅಪರೂಪದ ಬಾವಲಿಯೂ ಇದೆ. ಅವುಗಳನ್ನು ಕೆಣಕಲು ಕರಡಿ ಅಧ್ಯಯನ ನೆಪವಾಗಬಾರದು.

ಮಲ ಸಿಕ್ಕಾಗ ಮೊದಲು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಜಿಪಿಎಸ್ ದೋಷ 10 ಮೀ. ಒಳಗೆ ಇಳಿಯುವವರೆಗೆ ಕಾಯಿರಿ. ತಾಜಾತನಕ್ಕೆ ಮೂರು ದರ್ಜೆ ಸಾಕು: ಮೇಲ್ಮೈ ಇನ್ನೂ ಹೊಳೆಯುವ ಒದ್ದೆ ಮಲ ಒಂದು, ಹೊರಗೆ ಒಣಗಿ ಒಳಗೆ ಹಸಿ ಇರುವುದು ಎರಡು, ಬಿರುಕು ಬಿಟ್ಟು ಬೂದಿಬಣ್ಣಕ್ಕೆ ತಿರುಗಿದ್ದು ಮೂರು. ಮೂರನೆಯದನ್ನು ಲೆಕ್ಕಕ್ಕೆ ಬರೆದುಕೊಂಡು ಅಲ್ಲಿಯೇ ಬಿಡಿ. ಬಿಸಿಲು ಬಿದ್ದಲ್ಲಿ ಡಿಎನ್‌ಎ ಬೇಗ ತುಂಡಾಗುತ್ತದೆ, ಅದರ ಮೇಲೆ ಪ್ರಯೋಗಾಲಯದ ಹಣ ಸುರಿಯುವುದು ವ್ಯರ್ಥ.

ಪ್ರತಿ ಮಲಕ್ಕೂ ಹೊಸ ಕೈಗವಸು. ಎರಡು ಶುದ್ಧ ಹತ್ತಿಕಡ್ಡಿಗಳನ್ನು ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಅದ್ದಿ, ಮಲದ ಹೊರಮೈಯ ನುಣುಪಾದ ಭಾಗದ ಮೇಲೆ ಸುತ್ತಿಸಿ ಒರೆಸಿ. ಮೇಲಿನ ತೆಳು ಲೋಳೆಯ ಪದರ ಮಾತ್ರ ಬೇಕು. ಒಳಗೆ ಚುಚ್ಚಬೇಡಿ, ನೆಲ ತಾಗಿದ ಬದಿ ಬೇಡ. ಕಡ್ಡಿಯ ತುದಿ ಮುರಿದು 2 ಮಿ.ಲೀ. ತಿರುಪು ಮುಚ್ಚಳದ ಟ್ಯೂಬಿನಲ್ಲಿ ಡಿಎನ್‌ಎ ಕಾಪಿಡುವ 1 ಮಿ.ಲೀ. ಲಾಂಗ್‌ಮೈರ್ ದ್ರಾವಣಕ್ಕೆ ಹಾಕಿ. ಈ ದ್ರಾವಣದಲ್ಲಿ ಟ್ರಿಸ್ 100 ಮಿಲಿಮೋಲಾರ್, ಇಡಿಟಿಎ 100 ಮಿಲಿಮೋಲಾರ್, ಉಪ್ಪು 10 ಮಿಲಿಮೋಲಾರ್, ಎಸ್‌ಡಿಎಸ್ ಶೇ. 0.5 ಇರುತ್ತದೆ, ಪಿಎಚ್ 8. ಮಂಜುಗಡ್ಡೆ ಇಲ್ಲದೆ ಬೆಳಗಾವಿವರೆಗೆ, ಅಲ್ಲಿಂದ ಮುಂದಕ್ಕೂ ಸಾಗಿಸಬಹುದು. ಜೊತೆಗೆ ಶೇಂಗಾಬೀಜದಷ್ಟು ಹೊರಪದರ ಕೆರೆದು, ಅದರ ನಾಲ್ಕು ಪಟ್ಟು ಎಥನಾಲ್‌ನಲ್ಲಿ ಎರಡನೇ ಮಾದರಿಯಾಗಿ ಇಡಿ. ಎಥನಾಲ್ ಶೇ. 95ಕ್ಕಿಂತ ಮೇಲಿನದೇ ಆಗಬೇಕು, ಸ್ಯಾನಿಟೈಸರ್ ನಡೆಯದು. ಹೆಸರುಚೀಟಿಗೆ ಸೀಸದ ಕಡ್ಡಿ ಬಳಸಿ. ಎಥನಾಲ್ ಒಂದು ಹನಿ ಸೋರಿದರೂ ಮಾರ್ಕರ್ ಬರಹ ಅಳಿಸಿಹೋಗುತ್ತದೆ, ಸಂಖ್ಯೆ ಇಲ್ಲದ ಟ್ಯೂಬು ಕಸಕ್ಕೆ ಸಮಾನ.

ಮುಳ್ಳುತಂತಿ ಸುತ್ತಿ ಕೂದಲು ಹಿಡಿಯುವ ವಿಧಾನ ಉತ್ತರ ಅಮೆರಿಕದ ಕರಡಿಗಳಿಗೆ ಚೆನ್ನಾಗಿ ಒಗ್ಗಿದೆ. ಇಲ್ಲಿ ಅದನ್ನು ನಾವು ಒಪ್ಪುವುದಿಲ್ಲ. ನಮ್ಮ ಕರಡಿಗೆ ಸುಲಭವಾಗಿ ಕಿತ್ತು ಬರುವ ಒಳತುಪ್ಪಳ ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ ಈ ಕಾಡಿನಲ್ಲಿ ದನ ಮೇಯುತ್ತವೆ, ಜನ ನಡೆಯುತ್ತಾರೆ. ಮರದ ತೊಗಟೆಯಲ್ಲಿ, ಬೇಲಿಯಲ್ಲಿ ಬುಡ ಸಮೇತ ಕೂದಲು ತಾನಾಗಿ ಸಿಕ್ಕರೆ ಕಾಗದದ ಲಕೋಟೆಯಲ್ಲಿ ಸಿಲಿಕಾ ಹರಳಿನೊಂದಿಗೆ ಒಣಗಿಸಿ ಇಡಿ.

60 ಕರಡಿ ಬೇಕಾದರೆ 200ಕ್ಕೂ ಹೆಚ್ಚು ಮಾದರಿಗೆ ಸಿದ್ಧವಾಗಿರಿ. ಕೆಲವು ಬೇರೆ ಪ್ರಾಣಿಯವಾಗಿರುತ್ತವೆ, ಕೆಲವು ಕೆಟ್ಟಿರುತ್ತವೆ, ಕೆಲವು ಅದೇ ಕರಡಿ ಮತ್ತೆ ಬಂದು ಹೋಗಿದ್ದು.

ಪ್ರಯೋಗಾಲಯದಲ್ಲಿ

ಡಿಎನ್‌ಎ ತೆಗೆಯುವ ಕೋಣೆಯೂ ಪಿಸಿಆರ್ ನಡೆಯುವ ಕೋಣೆಯೂ ಬೇರೆ ಬೇರೆ ಇರಬೇಕು. ಹಿಂದಿನ ಪಿಸಿಆರ್‌ನ ಒಂದು ಸೂಕ್ಷ್ಮ ಹನಿಯಲ್ಲಿ, ಮಲದಿಂದ ಬಂದ ಡಿಎನ್‌ಎಗಿಂತ ಎಷ್ಟೋ ಪಟ್ಟು ಪ್ರತಿಗಳಿರುತ್ತವೆ. ಮಲಕ್ಕೆಂದೇ ಇರುವ ಕಾಲಂ ಕಿಟ್ ಬಳಸಿ. ಪ್ರತಿ 11 ಮಾದರಿಗೆ ಒಂದು ಖಾಲಿ ಟ್ಯೂಬು ಸೇರಿಸಿ. ಖಾಲಿಯಲ್ಲಿ ಡಿಎನ್‌ಎಯ ಪಟ್ಟಿ ಕಂಡರೆ ಆ ಸಲದ ಮಾದರಿಗಳನ್ನೆಲ್ಲ ಮತ್ತೆ ಮಾಡಿ.

ಮೊದಲ ಪರೀಕ್ಷೆ, ಇದು ಕರಡಿಯದೇ ಎಂಬುದು. ಮೈಟೊಕಾಂಡ್ರಿಯದ ಡಿಎನ್‌ಎಯಿಂದ 150 ಬೇಸ್ (ಡಿಎನ್‌ಎಯ ಅಕ್ಷರ) ಆಸುಪಾಸಿನ ತುಂಡೊಂದು ಸಾಕು. ಹಣ್ಣಿನ ಬೀಜ ತುಂಬಿದ ಪುನುಗಿನ ಮಲ, ಊರ ಹತ್ತಿರದ ನಾಯಿಯ ಮಲ ಇಲ್ಲಿ ಉದುರಿಹೋಗುತ್ತವೆ.

ನಂಟು ಅಳೆಯಲು ಮೈಕ್ರೋಸ್ಯಾಟಲೈಟ್ ಗುರುತುಗಳು, ಅಂದರೆ ಕರಡಿಯಿಂದ ಕರಡಿಗೆ ಉದ್ದ ಬದಲಾಗುವ ಡಿಎನ್‌ಎ ಪುನರಾವರ್ತನೆಗಳು, ಬೇಕು. 1990ರ ದಶಕದಲ್ಲಿ ಅಮೆರಿಕದ ಕಪ್ಪು ಕರಡಿಯಿಂದ ರೂಪಿಸಿದ ಜಿ1ಎ, ಜಿ1ಡಿ, ಜಿ10ಬಿ, ಜಿ10ಎಲ್ ಮೊದಲಾದವು ಬೇರೆ ಕರಡಿ ಜಾತಿಗಳಲ್ಲಿಯೂ ಓದಿಕೊಡುತ್ತವೆ. ಆದರೆ ಬೇರೆ ಜಾತಿಯಿಂದ ತಂದ ಪ್ರೈಮರ್ (ಗುರುತನ್ನು ಹಿಡಿಯುವ ಸಣ್ಣ ಡಿಎನ್‌ಎ ತುಂಡು) ನಮ್ಮ ಕರಡಿಯ ಕೆಲವು ಆಲೀಲ್‌ಗಳಿಗೆ (ಒಂದೇ ಗುರುತಿನ ಬೇರೆ ಬೇರೆ ರೂಪಗಳು) ಅಂಟದೆ ಹೋಗಬಹುದು. 20 ತಾಜಾ ಮಾದರಿಯಲ್ಲಿ 18–20 ಗುರುತುಗಳನ್ನು ಪರೀಕ್ಷಿಸಿ, ಚೆನ್ನಾಗಿ ಓದುವ, ವೈವಿಧ್ಯವಿರುವ, 250 ಬೇಸ್‌ಗಿಂತ ಚಿಕ್ಕ 12–15 ಗುರುತು ಇಟ್ಟುಕೊಳ್ಳಿ. ಗಂಡು ಹೆಣ್ಣು ತಿಳಿಯಲು ಅಮೆಲೊಜೆನಿನ್ ಗುರುತು ತಪ್ಪದೆ ಸೇರಿಸಿ.

10 ಮೈಕ್ರೋಲೀಟರ್ ಪಿಸಿಆರ್‌ಗೆ ಮಲ್ಟಿಪ್ಲೆಕ್ಸ್ ಮಿಶ್ರಣ 5, ಡಿಎನ್‌ಎ 3, ಉಳಿದ 2 ಮೈಕ್ರೋಲೀಟರಿನಲ್ಲಿ ಪ್ರೈಮರ್ ಮತ್ತು ಬಿಎಸ್‌ಎ (ಪಿಸಿಆರ್ ತಡೆಯುವ ವಸ್ತುಗಳನ್ನು ಹಿಡಿದಿಡುವ ಪ್ರೋಟೀನ್). ಪ್ರತಿ ಪ್ರೈಮರ್ ಕೊನೆಗೆ 0.2 ಮೈಕ್ರೋಮೋಲಾರ್ ಆಗಬೇಕು. 95° ಸೆ.ನಲ್ಲಿ 15 ನಿಮಿಷ. ನಂತರ 94°ಗೆ 30 ಸೆಕೆಂಡ್, 55–57°ಗೆ 90 ಸೆಕೆಂಡ್, 72°ಗೆ 60 ಸೆಕೆಂಡ್, ಹೀಗೆ 40–45 ಸುತ್ತು. ಕೊನೆಗೆ 60°ಯಲ್ಲಿ 30 ನಿಮಿಷ. ಬಿಎಸ್‌ಎ ಬಿಟ್ಟರೆ ಹಣ್ಣಿನ ಕಾಲದ ಮಾದರಿಗಳು ಬಹಳಷ್ಟು ಮೌನವಾಗುತ್ತವೆ. ಆಗ ಡಿಎನ್‌ಎಯನ್ನು ಹೆಚ್ಚಿಸದೆ, ಐದು ಪಟ್ಟು ತೆಳುಮಾಡಿ ನೋಡಿ. ತಡೆಯುವ ವಸ್ತುವೂ ತೆಳುವಾಗುತ್ತದೆ.

ಮಲದ ಡಿಎನ್‌ಎಯ ದೊಡ್ಡ ಕಾಟ ಆಲೀಲ್ ಬಿಟ್ಟುಹೋಗುವುದು. ತಾಯಿಯದೊಂದು, ತಂದೆಯದೊಂದು ಎಂದು ಎರಡು ಆಲೀಲ್ ಇದ್ದರೂ ಒಂದೇ ಕಾಣುತ್ತದೆ. ಇದನ್ನು ನಂಬಿದರೆ ಒಂದೇ ಕರಡಿ ಎರಡಾಗುತ್ತದೆ, ಒಳಸಂತಾನ ಇಲ್ಲದ ಕಡೆ ಇದೆ ಎಂದು ಕಾಣುತ್ತದೆ. ಪ್ರತಿ ಮಾದರಿಯನ್ನು ಕನಿಷ್ಠ ಮೂರು ಸಲ ಓದಿಸಿ. ಎರಡು ಆಲೀಲ್ ಎಂದು ಒಪ್ಪಲು ಎರಡೂ ತಲಾ ಎರಡು ಸಲ ಕಂಡಿರಬೇಕು, ಒಂದೇ ಆಲೀಲ್ ಎಂದು ಒಪ್ಪಲು ಮೂರೂ ಸಲ ಅದೊಂದೇ ಕಂಡಿರಬೇಕು. ಅರ್ಧಕ್ಕಿಂತ ಹೆಚ್ಚು ಗುರುತುಗಳಲ್ಲಿ ತಡವರಿಸುವ ಮಾದರಿಯನ್ನು ಕೈಬಿಡಿ.

ಬಳಿಕ ಒಂದೇ ಕರಡಿಯ ಮಾದರಿಗಳನ್ನು ಒಟ್ಟುಗೂಡಿಸಿ. ಒಡಹುಟ್ಟಿದ ಎರಡು ಕರಡಿಗಳ ಗುರುತುಗಳು ಆಕಸ್ಮಿಕವಾಗಿ ಪೂರ್ತಿ ಒಂದೇ ಆಗುವ ಸಂಭವ 0.001ಕ್ಕಿಂತ ಕಡಿಮೆ ಬರುವಷ್ಟು ಗುರುತು ಇರಬೇಕು. ಒಂದೋ ಎರಡೋ ಗುರುತಿನಲ್ಲಿ ಮಾತ್ರ ಬೇರೆಯಾದ ಜೋಡಿ ಕಂಡರೆ ಅನುಮಾನಿಸಿ, ಆ ಗುರುತುಗಳನ್ನು ಮತ್ತೆ ಓದಿಸಿ. ಒಂದು ಕರಡಿ ಹಲವು ಕಡೆ ಸಿಕ್ಕಿದ್ದರೆ ಅವುಗಳ ನಡುಬಿಂದುವನ್ನು ಅದರ ಜಾಗವೆಂದು ಹಿಡಿಯಿರಿ.

ಲೆಕ್ಕ

ಮೊದಲು ಸ್ಪಜೆಡಿ ಅಥವಾ ಜೀನ್‌ಅಲೆಕ್ಸ್ ತಂತ್ರಾಂಶದಲ್ಲಿ ಜೋಡಿವಾರು ನಂಟಿನ ಅಂಕ ತೆಗೆದು ದೂರದ ಎದುರು ಇಡಿ. ದೂರದ ಮೆಟ್ಟಿಲುಗಳು 0–3, 3–6, 6–10, 10–15, 15–25 ಕಿ.ಮೀ., ಆಮೇಲೆ ಉಳಿದದ್ದು. ಪ್ರತಿ ಮೆಟ್ಟಿಲಿನಲ್ಲಿ 100 ಜೋಡಿ, ಅರ್ಧದಷ್ಟಾದರೂ ಕರಡಿಗಳು ಪಾಲುಗೊಂಡಿರಲಿ. ಮೊದಲ ಮೆಟ್ಟಿಲಿಗೆ ಸಾಲದಿದ್ದರೆ ಅದನ್ನೇ ಅಗಲ ಮಾಡಿ. ಜಾಗಗಳನ್ನು ಕಲೆಸಿ 9,999 ಸಲ ಓಡಿಸಿ, ಸಿಕ್ಕ ಅಂಕ ಆಕಸ್ಮಿಕವಾಗಿ ಬರುವ ಸಂಭವ ನೋಡಿ. ದೂರದ ಲಾಗರಿದಮ್ ತೆಗೆಯುವಾಗ ಒಂದೇ ಬಿಂದುವಿನ ಜೋಡಿಗಳ ಶೂನ್ಯ ದೂರ ಲೆಕ್ಕದಿಂದ ಬಿದ್ದುಹೋಗುತ್ತದೆ, ಅದು ನೆನಪಿರಲಿ. ಈ ಅಂಕ ನಿಮ್ಮ ಮಾದರಿಯ ಸರಾಸರಿಗೆ ಹೋಲಿಸಿದ್ದು. ಋಣ ಬಂದರೆ 'ಸರಾಸರಿಗಿಂತ ಕಡಿಮೆ ನಂಟು' ಎಂದಷ್ಟೇ ಅರ್ಥ.

ಇದನ್ನೇ ಗಂಡಿಗೊಮ್ಮೆ, ಹೆಣ್ಣಿಗೊಮ್ಮೆ ಬೇರೆ ಮಾಡಿ. ಹೆಣ್ಣಿನ ಗೆರೆ ಕಡಿದಾಗಿ ಇಳಿದು, ಗಂಡಿನ ಗೆರೆ ಚಪ್ಪಟೆಯಾಗಿದ್ದರೆ ಸಹಜ. ಗಂಡಿನ ಗೆರೆಯೂ ಕಡಿದಾದರೆ ಓಡಾಟಕ್ಕೆ ಏನೋ ಅಡ್ಡಿ ಬಂದಿರಬಹುದೆಂದು ಮುಂದೆ ಹುಡುಕಿ.

ಹೆದ್ದಾರಿಯ ಪರೀಕ್ಷೆ ಇದರ ಮೇಲೆ ನಿಲ್ಲುತ್ತದೆ. ಒಂದೇ ಮೆಟ್ಟಿಲಿನೊಳಗೆ ಹೆದ್ದಾರಿ ದಾಟಿದ ಜೋಡಿಗಳನ್ನೂ ದಾಟದ ಜೋಡಿಗಳನ್ನೂ ಹೋಲಿಸಿ. ಬಳಿಕ ಆರ್ ಎಂಬ ತಂತ್ರಾಂಶದಲ್ಲಿ, ಒಂದೇ ಕರಡಿ ಹಲವು ಜೋಡಿಗಳಲ್ಲಿ ಬರುವುದನ್ನು ಲೆಕ್ಕಕ್ಕೆ ಹಿಡಿಯುವ ಮಿಶ್ರ ಸಂಖ್ಯಾಶಾಸ್ತ್ರೀಯ ಮಾದರಿಯಲ್ಲಿ ದೂರ ಮತ್ತು ಹೆದ್ದಾರಿ ಎರಡನ್ನೂ ಒಟ್ಟಿಗೆ ಹಾಕಿ. ಜೋಡಿವಾರು ಅಂತರಗಳ ಪಟ್ಟಿಗಳನ್ನು ಹೋಲಿಸುವ ಭಾಗಶಃ ಮ್ಯಾಂಟೆಲ್ ಪರೀಕ್ಷೆ ಒಂದನ್ನೇ ನಂಬಬೇಡಿ, ಅದು ಇಲ್ಲದ ಅಡ್ಡಿಯನ್ನು ಇದೆ ಎನ್ನುವ ಚಾಳಿಯದು.

ಗುಂಪು ಹುಡುಕುವ ಸ್ಟ್ರಕ್ಚರ್ ತಂತ್ರಾಂಶ ಕೊನೆಗೆ ಬರಲಿ. ಕೆ (ಗುಂಪುಗಳ ಸಂಖ್ಯೆ) 1ರಿಂದ 8, ಪ್ರತಿಯೊಂದಕ್ಕೂ 10 ಓಟ, ಮೊದಲ 1 ಲಕ್ಷ ಬಿಟ್ಟು ನಂತರದ 5 ಲಕ್ಷ ಸುತ್ತು. ಕೆ ಆರಿಸಲು ಹಲವರು ಬಳಸುವ 2005ರ ಎವಾನೊ ವಿಧಾನ ಹಿಂದು ಮುಂದಿನ ಕೆಗಳ ಬದಲಾವಣೆ ನೋಡುವುದರಿಂದ ಕೆ 1 ಎಂಬ ಉತ್ತರವನ್ನು ಕೊಡಲಾರದು. 'ಇಡೀ ಕಾಡಿನಲ್ಲಿ ಒಂದೇ ಗುಂಪು' ಎಂಬುದು ನಿಜವಾಗಿದ್ದರೂ ಅದು ಎರಡು ಎಂದೋ ಮೂರು ಎಂದೋ ಹೇಳುತ್ತದೆ. ಪ್ರತಿ ಕೆಯ ಸಂಭಾವ್ಯತೆಯನ್ನೂ ನೋಡಿ. ಪ್ರತಿ ಕರಡಿಯಲ್ಲಿ ಯಾವ ಗುಂಪಿನ ಪಾಲು ಎಷ್ಟು ಎಂದು ತೋರಿಸುವ ಪಾಲುಪಟ್ಟಿಯಲ್ಲಿ ಬಣ್ಣ ಪಶ್ಚಿಮದಿಂದ ಪೂರ್ವಕ್ಕೆ ನಿಧಾನವಾಗಿ ಬದಲಾಗುತ್ತಿದ್ದರೆ ಅದು ದೂರದ ಫಲ. ಒಂದು ರೇಖೆಯಲ್ಲಿ ಥಟ್ಟನೆ ಬದಲಾದರೆ ಮಾತ್ರ ಅಡ್ಡಿಯ ಸುಳಿವು. ತಾಯಿ ಮರಿಗಳ ಮಲ ಒಂದೇ ಕಡೆ ಸಿಕ್ಕಿದ್ದರೆ ಆ ಕುಟುಂಬವೇ ಒಂದು ಗುಂಪಾಗಿ ಮೇಲೇಳುತ್ತದೆ. ಕುಟುಂಬದಿಂದ ಒಬ್ಬರನ್ನಷ್ಟೇ ಉಳಿಸಿ ಇನ್ನೊಮ್ಮೆ ಓಡಿಸಿ, ಎರಡೂ ಫಲಿತಾಂಶವನ್ನು ವರದಿಯಲ್ಲಿ ಕೊಡಿ. ನಂಟು–ದೂರದ ಲೆಕ್ಕದಲ್ಲಿ ಮಾತ್ರ ಸಂಬಂಧಿಗಳನ್ನು ತೆಗೆಯಬೇಡಿ, ಅಲ್ಲಿ ಅಳೆಯುತ್ತಿರುವುದೇ ಅವರನ್ನು.

ಅಡ್ಡಿ ಕಾಣಲಿಲ್ಲ ಎಂದರೆ

ಈಚಿನ ವರ್ಷಗಳಲ್ಲಿ ಅಗಲವಾದ ರಸ್ತೆಯ ಪರಿಣಾಮ ಇಂದಿನ ಕರಡಿಗಳ ವಂಶವಾಹಿಯಲ್ಲಿ ಕಾಣದಿರಬಹುದು. ಕರಡಿ ನಿಧಾನವಾಗಿ ಮರಿ ಮಾಡುವ ಪ್ರಾಣಿ, ಮರಿಗಳು ಎರಡು ವರ್ಷದವರೆಗೂ ತಾಯಿಯ ಜೊತೆಗಿರುತ್ತವೆ. ಬೇರ್ಪಟ್ಟ ಗುರುತು ಮೂಡಲು ಹಲವು ತಲೆಮಾರು ಬೇಕು, ಗುಂಪುಗಳ ನಡುವಿನ ವಂಶವಾಹಿ ಅಂತರ ಅಳೆಯುವ ಎಫ್‌ಎಸ್‌ಟಿಯಂಥ ಅಂಕಕ್ಕಂತೂ ಇನ್ನೂ ಹೆಚ್ಚು. ಆದ್ದರಿಂದ 'ರಸ್ತೆಯಿಂದ ತೊಂದರೆ ಇಲ್ಲ' ಎಂದು ಬರೆಯಬೇಡಿ. 'ರಸ್ತೆ ಅಗಲವಾಗುವ ಮೊದಲಿನ ಒಡನಾಟ ಇನ್ನೂ ಕಾಣುತ್ತಿದೆ' ಎಂದು ಬರೆಯಿರಿ. ಇಂದಿನ ಓಡಾಟದ ನೇರ ಸಾಕ್ಷಿ ಬೇಕಾದರೆ ಹೆದ್ದಾರಿಯ ಆಚೆ ಈಚೆ ಹಂಚಿಹೋದ ತಾಯಿ–ಮರಿ, ತಂದೆ–ಮರಿ ಜೋಡಿಗಳನ್ನು ಹುಡುಕಿ. ಎರಡೂ ಬದಿಯಲ್ಲಿ ಮಲ ಬಿಟ್ಟ ಒಂದೇ ಕರಡಿ ಸಿಕ್ಕರೆ ಅದು ಎಲ್ಲಕ್ಕಿಂತ ಬಲವಾದ ಪುರಾವೆ. ಆ ಜಾಗದ ಸುತ್ತಲಿನ ಮೋರಿ, ಸೇತುವೆ, ಹಳ್ಳಗಳ ಪಟ್ಟಿ ಮಾಡಿ, ಪ್ರಬಂಧ ಅಚ್ಚಾಗುವವರೆಗೆ ಕಾಯದೆ ವಲಯ ಅರಣ್ಯಾಧಿಕಾರಿಗಳಿಗೆ ತಲುಪಿಸಿ.

ಕರಡಿಯ ಪಿತ್ತಕೋಶಕ್ಕಾಗಿ ಬೇಟೆ ಇನ್ನೂ ನಡೆಯುತ್ತದೆ. ಸಾರ್ವಜನಿಕವಾಗಿ ಹಂಚುವ ಕಡತದಲ್ಲಿ ಜಿಪಿಎಸ್ ಬಿಂದುಗಳನ್ನು 5 ಕಿ.ಮೀ. ಚೌಕದ ಸಂಖ್ಯೆಗೆ ಇಳಿಸಿ, ಗವಿಗಳ ಉಲ್ಲೇಖ ತೆಗೆದುಹಾಕಿ. ನಿಖರ ಬಿಂದುಗಳ ಪ್ರತಿ ಇಲಾಖೆಯ ಬಳಿಯೂ ಪ್ರಯೋಗಾಲಯದ ಬಳಿಯೂ ಮಾತ್ರ ಇರಲಿ. ಉಳಿದ ಡಿಎನ್‌ಎಯನ್ನು −20° ಸೆ.ನಲ್ಲಿ, ಮಾದರಿ ಸಂಖ್ಯೆಯ ಪಟ್ಟಿಯೊಂದಿಗೆ ಕಾಪಿಡಿ. ಒಂದೆರಡು ದಶಕದ ನಂತರ ಇದೇ ಚೌಕಗಳಲ್ಲಿ, ಇದೇ ಗುರುತುಗಳಿಂದ ಮತ್ತೆ ಅಳೆಯುವವರಿಗೆ ಹೋಲಿಸಲು ಅದೇ ಬೇಕಾಗುತ್ತದೆ.